ಎರಡು ಶೆಲ್ಲಿನ ಯಂತ್ರಕ್ಕೆ ವಿಮಾನದ ಕರೆಂಟು

ಕೈಯಲ್ಲಿ ಹಿಡಿಯುವ ಒಂದು ಜಿಪಿಎಸ್ ಇದೆ ಅಂದುಕೊಳ್ಳಿ. ಒಳಗೆ ಎರಡು ಪೆನ್ಸಿಲ್ ಶೆಲ್ಲು. ಅದನ್ನು ಎರಡು ಸೀಟಿನ ಸಣ್ಣ ವಿಮಾನದಲ್ಲಿ ಕಣ್ಣಿಗೆ ಕಾಣುವ ಹಾಗೆ ಕೂರಿಸಿಕೊಂಡು ಹಾರುತ್ತಿದ್ದೀರಿ. ಇನ್ನೇನು ಇಳಿಯಬೇಕು ಅನ್ನುವಾಗ ಪರದೆಯ ಮೂಲೆಯಲ್ಲಿ ಬ್ಯಾಟರಿ ಚಿಹ್ನೆ ಮಿಣುಕಲು ಶುರುವಾಗುತ್ತದೆ. ಎದುರಿಗೇ ಸಿಗರೇಟ್ ಲೈಟರ್ ಸಾಕೆಟ್ ಇದೆ. ಅದರ ಹಿಂದೆ ಎಂಜಿನ್‌ನಿಂದ ತಿರುಗಿ ನೂರಾರು ವ್ಯಾಟ್ ಕರೆಂಟು ಕೊಡುವ ಆಲ್ಟರ್ನೇಟರ್ ಇದೆ. ಈ ಯಂತ್ರಕ್ಕೆ ಬೇಕಿರುವುದು ಅರ್ಧ ವ್ಯಾಟ್. ಒಂದು ವೈರ್ ಎಳೆದರೆ ಮುಗಿಯಿತು, ಅಲ್ವಾ?

ಎಳೆಯಬಹುದು. ಆದರೆ ಆ ಎರಡು ಶೆಲ್ಲು ಇಷ್ಟು ದಿನ ಏನೇನು ಕೆಲಸ ಮಾಡುತ್ತಿದ್ದವು ಅಂತ ಮೊದಲು ನೋಡೋಣ. 3 ವೋಲ್ಟ್ ಕೊಡುವುದು ಒಂದು ಕೆಲಸ. ಅದು ಎಲ್ಲರಿಗೂ ಕಾಣುತ್ತದೆ. ಕಾಣದ ಕೆಲಸ ಇನ್ನೂ ಎರಡಿವೆ. ಶೆಲ್ಲಿನ ಕರೆಂಟು ಶಾಂತವಾಗಿರುತ್ತದೆ, ಅದರಲ್ಲಿ ಗದ್ದಲವೇ ಇರುವುದಿಲ್ಲ. ಇನ್ನೊಂದು, ಶೆಲ್ಲಿನ ಮೇಲೆ ನಡೆಯುವ ಯಂತ್ರ ಒಂದು ದ್ವೀಪದ ಹಾಗೆ. ವಿಮಾನದ ಯಾವ ತಂತಿಗೂ ಅದಕ್ಕೂ ಸಂಬಂಧವಿಲ್ಲ. ಆಲ್ಟರ್ನೇಟರ್ ಕೈಕೊಟ್ಟರೂ, ಹೊಗೆ ಬಂತು ಅಂತ ಪೈಲಟ್ ಇಡೀ ವಿಮಾನದ ಕರೆಂಟು ತೆಗೆಯುವ ಮಾಸ್ಟರ್ ಸ್ವಿಚ್ ಆಫ್ ಮಾಡಿದರೂ, ಅದು ತನ್ನ ಪಾಡಿಗೆ ತಾನು ದಾರಿ ತೋರಿಸುತ್ತಿರುತ್ತದೆ. ವೈರ್ ಎಳೆದ ಕೂಡಲೇ ದ್ವೀಪಕ್ಕೆ ಸೇತುವೆ ಕಟ್ಟಿದಂತೆ. ಒಳ್ಳೆಯದರ ಜೊತೆ ಕೆಟ್ಟದ್ದೂ ಅದೇ ಸೇತುವೆ ಮೇಲೆ ಬರುತ್ತದೆ.

ಮುಂದೆ ಹೋಗುವ ಮೊದಲು ಒಂದು ಮಾತು. ಹಳ್ಳಿ ಕಡೆ ಟಾರ್ಚ್‌ಗೆ ಬ್ಯಾಟರಿ ಅಂತಲೂ, ಅದರೊಳಗೆ ಹಾಕುವುದಕ್ಕೆ ಶೆಲ್ಲು ಅಂತಲೂ ಹೇಳುತ್ತಾರೆ. ಈ ಲೇಖನಕ್ಕೆ ಆ ವ್ಯತ್ಯಾಸ ಬಹಳ ಅನುಕೂಲ. ಶೆಲ್ಲು ಅಂದರೆ ಯಂತ್ರದೊಳಗಿನ ಸಣ್ಣದು. ಬ್ಯಾಟರಿ ಅಂದರೆ ವಿಮಾನದ ದೊಡ್ಡದು.

12 ವೋಲ್ಟ್ ಅನ್ನುವುದು ಬರೀ ಹೆಸರು

'12 ವೋಲ್ಟ್ ವಿಮಾನ' ಅಂದರೆ ಸಾಕೆಟ್‌ನಲ್ಲಿ 12 ವೋಲ್ಟ್ ಇರುತ್ತದೆ ಅಂತ ಅಲ್ಲ. ಪೂರ್ತಿ ಚಾರ್ಜ್ ಆಗಿ ಸುಮ್ನೆ ಕೂತ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಸುಮಾರು 12.7 ವೋಲ್ಟ್ ಇರುತ್ತದೆ. ಎಂಜಿನ್ ಓಡುತ್ತಿರುವಾಗ ಆಲ್ಟರ್ನೇಟರ್ ಅದಕ್ಕೆ ಕರೆಂಟು ತುಂಬಿಸಬೇಕಲ್ಲ, ಹಾಗಾಗಿ ವೋಲ್ಟೇಜ್ 14ರ ಆಸುಪಾಸಿಗೆ ಏರುತ್ತದೆ. ಅದಕ್ಕೇ ಈ ಬಗೆಯನ್ನು '14 ವೋಲ್ಟ್ ಸಿಸ್ಟಂ' ಅಂತಲೂ ಕರೆಯುತ್ತಾರೆ. 24 ವೋಲ್ಟ್ ಬ್ಯಾಟರಿ ಇದ್ದರೆ ಅದು 28 ವೋಲ್ಟ್ ಸಿಸ್ಟಂ. ವೋಲ್ಟೇಜ್ ಎರಡರಷ್ಟಾದರೆ ಅದೇ ಕೆಲಸಕ್ಕೆ ಅರ್ಧ ಕರೆಂಟು ಸಾಕು. ತಂತಿ ತೆಳುವಾಗುತ್ತದೆ, ತೂಕ ಇಳಿಯುತ್ತದೆ. ವಿಮಾನದವರಿಗೆ ತೂಕದ ಲೆಕ್ಕ ಯಾವಾಗಲೂ ಜಾಸ್ತಿ.

ಇಲ್ಲೇ ಮೊದಲ ಗುಂಡಿ ಇರುವುದು. ಎರಡು ಸೀಟಿನ ತರಬೇತಿ ವಿಮಾನಗಳಾದ ಸೆಸ್ನಾ 150 ಮತ್ತು ಸೆಸ್ನಾ 152 ನೋಡಲು ಅಣ್ಣ ತಮ್ಮಂದಿರ ಹಾಗಿವೆ. 1977ರಲ್ಲಿ 150ರ ತಯಾರಿಕೆ ನಿಲ್ಲಿಸಿ 152 ತಂದರು. ಬಾಗಿಲು, ಸೀಟು, ರೆಕ್ಕೆ ಎಲ್ಲಾ ಹೆಚ್ಚುಕಡಿಮೆ ಅವೇ. ಆದರೆ 150ರಲ್ಲಿ ಇರುವುದು 14 ವೋಲ್ಟ್, 152ರಲ್ಲಿ 28. ನಾಲ್ಕು ಸೀಟಿನ ಸೆಸ್ನಾ 172ರಲ್ಲೂ ಇದೇ ಕಥೆ. ಹಳೆಯವು 14, 1978ರ ಮಾಡೆಲ್‌ನಿಂದ ಈಚೆಗಿನವು 28. ಲೈಟರ್ ಸಾಕೆಟ್ ಮಾತ್ರ ಎಲ್ಲದರಲ್ಲೂ ಒಂದೇ ಅಳತೆಯದ್ದು, ಕಾರಿನಲ್ಲಿ ಇರುವಂಥದ್ದೇ. ಕಾರಿಗೆಂದು ಕೊಂಡ ಅಗ್ಗದ ಚಾರ್ಜರ್ 150ರಲ್ಲಿ ವರ್ಷಗಟ್ಟಲೆ ನಡೆದು, 152ರಲ್ಲಿ ಸಿಕ್ಕಿಸಿದ ಕೂಡಲೇ ಸುಟ್ಟ ವಾಸನೆ ಹೊಡೆಯಬಹುದು. ಈಚಿನ 172 ಎಸ್ ಮಾಡೆಲ್‌ನಲ್ಲಿ ಕಂಪನಿಯವರೇ 28 ವೋಲ್ಟನ್ನು 12ಕ್ಕೆ ಇಳಿಸುವ ಕನ್ವರ್ಟರ್ ಇಟ್ಟು, ಪ್ರಯಾಣಿಕರಿಗೆ 12 ವೋಲ್ಟ್ ಸಾಕೆಟ್ ಕೊಟ್ಟಿದ್ದಾರೆ. ಸಾಕೆಟ್ ಪಕ್ಕದ ಬರಹ ಓದಿ. ಬರಹ ಅಳಿಸಿದ್ದರೆ ಮೀಟರ್ ಹಿಡಿದು ನೋಡಿ.

ಎಂಜಿನ್‌ಗಳಲ್ಲೂ ವ್ಯತ್ಯಾಸ ಇದೆ. ರೋಟ್ಯಾಕ್ಸ್ 912 ಬಳಗದ ಎಂಜಿನ್‌ಗಳಲ್ಲಿ ಕಾಯಂ ಅಯಸ್ಕಾಂತದ ಜನರೇಟರ್ ಎಂಜಿನ್ ಒಳಗೇ ಇರುತ್ತದೆ. ಕೊಡುವುದು ಸುಮಾರು 250 ವ್ಯಾಟ್, ಅಂದರೆ 14 ವೋಲ್ಟ್‌ನಲ್ಲಿ ಹೆಚ್ಚೆಂದರೆ 18 ಆಂಪಿಯರ್. ನಮ್ಮ ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್ ರೂಪಿಸಿದ ಎರಡು ಸೀಟಿನ ಹಂಸ-3 ಹಾರುವುದು ಇದೇ ಬಳಗದ ರೋಟ್ಯಾಕ್ಸ್ 914 ಎಂಜಿನ್‌ನಿಂದ. ಇತ್ತ 172 ಎಸ್‌ನ ಆಲ್ಟರ್ನೇಟರ್ 28 ವೋಲ್ಟ್‌ನಲ್ಲಿ 60 ಆಂಪಿಯರ್ ಕೊಡಬಲ್ಲದು. ನಮ್ಮ ಜಿಪಿಎಸ್‌ನ ಅರ್ಧ ವ್ಯಾಟ್ ಎರಡಕ್ಕೂ ಲೆಕ್ಕಕ್ಕಿಲ್ಲ. ಆದರೆ ಎರಡು ಟ್ಯಾಬ್ಲೆಟ್, ಒಂದು ಫೋನ್ ಎಲ್ಲಾ ಫಾಸ್ಟ್ ಚಾರ್ಜ್ ಮಾಡಲು ಹೊರಟರೆ 250 ವ್ಯಾಟಿನ ಮನೆಯಲ್ಲಿ ಅದು ದೊಡ್ಡ ಖರ್ಚೇ.

ಟ್ಯಾಂಕ್ ಇಲ್ಲದ ಬೋರ್‌ವೆಲ್

14 ವೋಲ್ಟ್ ಅಂತ ಗೊತ್ತಾಯಿತು, ಸರಿ. ಆದರೆ ಅದು ಯಾವಾಗಲೂ 14 ಆಗಿ ಕೂರುವುದಿಲ್ಲ.

ಎಂಜಿನ್ ಶುರು ಮಾಡುವಾಗ ಸ್ಟಾರ್ಟರ್ ಮೋಟರ್ ನೂರಾರು ಆಂಪಿಯರ್ ಎಳೆಯುತ್ತದೆ. ಆ ಕೆಲವು ಸೆಕೆಂಡು 12 ವೋಲ್ಟಿನ ಬ್ಯಾಟರಿ 8-9 ವೋಲ್ಟಿಗೆ ಕುಸಿಯಬಹುದು. ಯಂತ್ರ ಹಾಳಾಗುವುದಿಲ್ಲ, ಆಫ್ ಆಗಿ ಮತ್ತೆ ಆನ್ ಆಗುತ್ತದೆ ಅಷ್ಟೇ. ಎಂಜಿನ್ ಶುರುವಾದ ಮೇಲೆ ಪ್ಲಗ್ ಸಿಕ್ಕಿಸಿದರೆ ಈ ತಾಪತ್ರಯ ಇಲ್ಲ. ಇದಕ್ಕಿಂತ ಅಗ್ಗದ ಪರಿಹಾರ ನನಗೆ ಗೊತ್ತಿಲ್ಲ.

ಕುಸಿತಕ್ಕಿಂತ ಹೆದರಬೇಕಾದದ್ದು ಜಿಗಿತಕ್ಕೆ. ಮನೆಯ ಬೋರ್‌ವೆಲ್ ನೆನಪಿಸಿಕೊಳ್ಳಿ. ಮೋಟರ್ ನೀರನ್ನು ಮೇಲಿನ ಟ್ಯಾಂಕಿಗೆ ತಳ್ಳುತ್ತದೆ, ನಲ್ಲಿಗೆ ಬರುವುದು ಟ್ಯಾಂಕಿನಿಂದ. ಮೋಟರ್ ಎಷ್ಟೇ ಗುದ್ದಾಡಿದರೂ ನಲ್ಲಿಯಲ್ಲಿ ನೀರು ಒಂದೇ ಸಮ. ವಿಮಾನದಲ್ಲಿ ಆಲ್ಟರ್ನೇಟರ್ ಆ ಮೋಟರ್, ಬ್ಯಾಟರಿ ಆ ಟ್ಯಾಂಕ್. ಈಗ ಮೋಟರ್ ಜೋರಾಗಿ ಓಡುತ್ತಿರುವಾಗಲೇ ಯಾರೋ ಟ್ಯಾಂಕಿನ ಪೈಪ್ ಕಿತ್ತು, ಮೋಟರ್ ಪೈಪನ್ನು ನೇರ ನಲ್ಲಿಗೆ ಸೇರಿಸಿದರೆ? ನಲ್ಲಿ ಹಾರಿಹೋಗುತ್ತದೆ. ಬ್ಯಾಟರಿಯ ಟರ್ಮಿನಲ್ ಸಡಿಲವಾಗಿ ತುಂಬುವ ಹೊತ್ತಿನಲ್ಲೇ ಬಿಟ್ಟುಕೊಂಡರೆ ಆಗುವುದೂ ಇದೇ. ಆಲ್ಟರ್ನೇಟರಿನ ಒಳಗಿನ ಕಾಂತಕ್ಷೇತ್ರ ತಕ್ಷಣ ಇಳಿಯುವುದಿಲ್ಲ, ಅದಕ್ಕೆ ಸೆಕೆಂಡಿನ ಹತ್ತರಲ್ಲಿ ಒಂದೆರಡು ಪಾಲಾದರೂ ಬೇಕು. ಅಷ್ಟರೊಳಗೆ ವೋಲ್ಟೇಜ್ ಹಲವು ಪಟ್ಟು ಏರಿಬಿಡುತ್ತದೆ. ಇದನ್ನು 'ಲೋಡ್ ಡಂಪ್' ಅನ್ನುತ್ತಾರೆ. ತಡೆ ಏನೂ ಇಲ್ಲದ 12 ವೋಲ್ಟ್ ಕಾರುಗಳಲ್ಲಿ ಇದು 80-100 ವೋಲ್ಟ್ ಮುಟ್ಟಬಹುದು ಅಂತಲೇ ವಾಹನದ ಭಾಗಗಳನ್ನು ಪರೀಕ್ಷೆ ಮಾಡುತ್ತಾರೆ.

ಆಲ್ಟರ್ನೇಟರಿನ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟರೂ ತೊಂದರೆಯೇ. ಆಲ್ಟರ್ನೇಟರಿಗೆ 'ಸಾಕು' ಅನ್ನುವವರು ಇಲ್ಲದಂತಾಗುತ್ತದೆ. ಇದಕ್ಕೆ ವಿಮಾನದಲ್ಲೇ ಕಾವಲಿದೆ: 28 ವೋಲ್ಟ್ ಸೆಸ್ನಾಗಳಲ್ಲಿ ಸುಮಾರು 31.5 ವೋಲ್ಟ್ ದಾಟಿದರೆ, 14 ವೋಲ್ಟಿನವುಗಳಲ್ಲಿ ಸುಮಾರು 16 ದಾಟಿದರೆ, ಆಲ್ಟರ್ನೇಟರ್ ತಾನೇ ಬಂದ್ ಆಗುತ್ತದೆ. ಇನ್ನು ರಿಲೇಗಳು, ಅಂದರೆ ಕರೆಂಟಿನಿಂದಲೇ ನಡೆಯುವ ಸ್ವಿಚ್ಚುಗಳು. ಮಾಸ್ಟರ್ ಆಫ್ ಮಾಡಿದಾಗ ರಿಲೇಯ ಸುರುಳಿ ತನ್ನಲ್ಲಿದ್ದ ಶಕ್ತಿಯನ್ನು ಒಂದು ಒದೆತದಂತೆ ವಾಪಸ್ ಬಿಡುತ್ತದೆ. ಅದಕ್ಕೆ ಅಡ್ಡಲಾಗಿ, ಕರೆಂಟನ್ನು ಒಂದೇ ಕಡೆ ಬಿಡುವ ಡಯೋಡ್ ಹಾಕಿರುತ್ತಾರೆ. ಡಯೋಡ್ ಕೆಟ್ಟಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಆ ಒದೆತ ತಿಂದ ಯಂತ್ರದ ಯಜಮಾನನನ್ನು ಬಿಟ್ಟು.

ಹಾಗಾದರೆ ನಮ್ಮ ಸೇತುವೆಯ ಬಾಯಲ್ಲೇ ಒಬ್ಬ ಕಾವಲುಗಾರ ಬೇಕು. ಅವನ ಹೆಸರು ಟಿವಿಎಸ್ ಡಯೋಡ್. ಸ್ಕೂಟರ್ ಕಂಪನಿಗೂ ಇದಕ್ಕೂ ಸಂಬಂಧ ಇಲ್ಲ. ಮಾಮೂಲಿ ವೋಲ್ಟೇಜಿನಲ್ಲಿ ಇದು ಸುಮ್ಮನೆ ಕೂತಿರುತ್ತದೆ. ಮಿತಿ ದಾಟಿದ ಕೂಡಲೇ ಹೆಚ್ಚಿನದ್ದನ್ನೆಲ್ಲಾ ಗ್ರೌಂಡ್‌ಗೆ, ಅಂದರೆ ವಿಮಾನದ ಮೈಗೆ ಹರಿಸುತ್ತದೆ. 14 ವೋಲ್ಟ್ ವಿಮಾನಕ್ಕೆ 1.5ಕೆಇ18ಎ ಅನ್ನುವುದು ಸರಿಹೊಂದುತ್ತದೆ. 15.3 ವೋಲ್ಟ್‌ವರೆಗೆ ಸುಮ್ಮನಿರುತ್ತದೆ, ದೊಡ್ಡ ಹೊಡೆತ ಬಂದಾಗ 25.2 ವೋಲ್ಟಿಗೆ ಹಿಡಿದು ನಿಲ್ಲಿಸುತ್ತದೆ. 28 ವೋಲ್ಟಿಗೆ 1.5ಕೆಇ36ಎ. ಅದು ಸುಮ್ಮನಿರುವುದು 30.8ರವರೆಗೆ, ಹಿಡಿದು ನಿಲ್ಲಿಸುವುದು 49.9ಕ್ಕೆ.

ಈ ಕೊನೆಯ ಸಂಖ್ಯೆಯನ್ನು ಬಹಳ ಜನ ಮರೆಯುತ್ತಾರೆ. ಕಾವಲುಗಾರ ಇದ್ದಾನೆ ಅಂತ ನಿಶ್ಚಿಂತೆಯಿಂದ ಇರುತ್ತಾರೆ. ಆದರೆ 28 ವೋಲ್ಟ್ ವಿಮಾನದಲ್ಲಿ ಕಾವಲುಗಾರ ಇದ್ದರೂ ಕ್ಷಣಕಾಲ 50 ವೋಲ್ಟ್ ಒಳಗೆ ಬರುತ್ತದೆ. ಅಂದರೆ ಅವನ ಹಿಂದೆ ನಿಲ್ಲುವ ಭಾಗ 50 ವೋಲ್ಟ್ ತಾಳಬೇಕು. ವೋಲ್ಟೇಜನ್ನು 5ಕ್ಕೆ ಇಳಿಸುವ, ಹವ್ಯಾಸಿಗಳೆಲ್ಲರ ಪೆಟ್ಟಿಗೆಯಲ್ಲೂ ಇರುವ 7805 ರೆಗ್ಯುಲೇಟರ್ ತಾಳುವುದು 35 ವೋಲ್ಟ್. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕಡಿಮೆ ಬೆಲೆಗೆ ಸಿಗುವ ಪುಟ್ಟ ಬೋರ್ಡ್‌ಗಳ ಮೇಲಿರುವ, ವೋಲ್ಟೇಜ್ ಇಳಿಸುವ ಎಲ್‌ಎಂ2596 ಚಿಪ್ ತಾಳುವುದು 40 ವೋಲ್ಟ್ ಆಸುಪಾಸು. 28 ಅಂದಾಗ 40 ಧಾರಾಳ ಅನ್ನಿಸುತ್ತದೆ. ಅದೇ ಮೋಸ. 14 ವೋಲ್ಟ್ ವಿಮಾನದಲ್ಲಿ ಇವೆರಡೂ ಬದುಕುತ್ತವೆ, ಯಾಕೆಂದರೆ ಅಲ್ಲಿ ಮಿತಿ 25. 28ರಲ್ಲಿ ಬೇಕಿರುವುದು 60 ವೋಲ್ಟ್ ತಾಳುವ 'ಎಚ್‌ವಿ' ಅಂತ ಬಾಲ ಇರುವ ಅದರದ್ದೇ ತಮ್ಮ. ಬೋರ್ಡಿನ ಒಳಬಾಗಿಲಲ್ಲಿರುವ ಕೆಪಾಸಿಟರ್ ಎಷ್ಟು ವೋಲ್ಟಿನದ್ದು ಅಂತಲೂ ನೋಡಿಕೊಳ್ಳಬೇಕು.

ಟಿವಿಎಸ್ ಡಯೋಡ್ ಹೊಡೆತವನ್ನು ಮಿಲಿಸೆಕೆಂಡುಗಳ ಮಟ್ಟಿಗೆ ತಾಳಬಲ್ಲದು. ಪೂರ್ತಿ ಲೋಡ್ ಡಂಪ್ ಬಂದರೆ ಸಾಯಬಹುದು. ಒಳ್ಳೆಯ ಸಂಗತಿ ಅಂದರೆ ಅದು ಸಾಮಾನ್ಯವಾಗಿ ಶಾರ್ಟ್ ಆಗಿ ಸಾಯುತ್ತದೆ. ಅದರ ಮುಂದೆ ಫ್ಯೂಸ್ ಇದ್ದರೆ ಫ್ಯೂಸ್ ಹೋಗುತ್ತದೆ, ಯಂತ್ರ ಉಳಿಯುತ್ತದೆ.

ಅರ್ಧ ರೊಟ್ಟಿಗೆ ಎರಡು ಕಟ್ಟು ಸೌದೆ

ಈಗ 14 ವೋಲ್ಟನ್ನು 3ಕ್ಕೆ ಇಳಿಸಬೇಕು. ಮಧ್ಯೆ ಒಂದು ರೆಸಿಸ್ಟರ್ ಹಾಕಿದರೆ ಸಾಲದೇ ಅಂತ ಕೇಳುವವರಿದ್ದಾರೆ. ಸಾಲದು. ಜಿಪಿಎಸ್‌ನ ಪರದೆಯ ದೀಪ ಹತ್ತಿದಾಗ ಕರೆಂಟು ಜಾಸ್ತಿ, ಆರಿದಾಗ ಕಮ್ಮಿ. ಕರೆಂಟು ಬದಲಾದಂತೆ ರೆಸಿಸ್ಟರ್ ನುಂಗುವ ವೋಲ್ಟೇಜೂ ಬದಲಾಗುತ್ತದೆ. ದೀಪ ಆರಿದ ಕ್ಷಣ ಯಂತ್ರಕ್ಕೆ 3ರ ಬದಲು 7-8 ವೋಲ್ಟ್ ಹೋದರೆ ಅಲ್ಲಿಗೆ ಅದರ ಕಥೆ ಮುಗಿಯಿತು.

ಉಳಿದದ್ದು ಎರಡು ದಾರಿ. ಒಂದು ಲೀನಿಯರ್ ರೆಗ್ಯುಲೇಟರ್, ಇನ್ನೊಂದು ಸ್ವಿಚಿಂಗ್ ಕನ್ವರ್ಟರ್.

ಲೀನಿಯರ್ ಅಂದರೆ ಹೆಚ್ಚಿನ ವೋಲ್ಟೇಜನ್ನೆಲ್ಲಾ ಬಿಸಿಯಾಗಿ ಸುಟ್ಟುಬಿಡುವುದು. ಹಳೆಯ ಎಲ್‌ಎಂ317 ಇದಕ್ಕೆ ಒಳ್ಳೆಯ ಕೆಲಸಗಾರ. ಎರಡು ರೆಸಿಸ್ಟರ್ ಹಾಕಿ ಬೇಕಾದ ವೋಲ್ಟೇಜ್ ಕಟ್ಟಬಹುದು. 240 ಓಮ್ ಮತ್ತು 390 ಓಮ್ ಹಾಕಿದರೆ 3.28 ವೋಲ್ಟ್ ಬರುತ್ತದೆ. ನಮ್ಮ ಜಿಪಿಎಸ್ 150 ಮಿಲಿಆಂಪಿಯರ್ ತಿನ್ನುತ್ತದೆ ಅಂದುಕೊಂಡರೆ ಅದಕ್ಕೆ ಹೋಗುವುದು ಅರ್ಧ ವ್ಯಾಟ್. 14 ವೋಲ್ಟಿನಿಂದ ಇಳಿಸುವಾಗ ರೆಗ್ಯುಲೇಟರ್ ಸುಡುವುದು 1.6 ವ್ಯಾಟ್. 28ರಿಂದ ಇಳಿಸುವಾಗ 3.7 ವ್ಯಾಟ್. ಅರ್ಧ ರೊಟ್ಟಿ ಬೇಯಿಸಲು ಎರಡು ಕಟ್ಟು ಸೌದೆ ಉರಿಸಿದ ಹಾಗೆ. ಕರೆಂಟಿಗೆ ಬರವಿಲ್ಲ, ಬಿಸಿಯದ್ದೇ ಚಿಂತೆ. ಬಿಸಿಯನ್ನು ಎಳೆದು ಗಾಳಿಗೆ ಬಿಡುವ ಲೋಹದ ತುಂಡು, ಅಂದರೆ ಹೀಟ್ ಸಿಂಕ್ ಇಲ್ಲದೆ ಬರೀ ರೆಗ್ಯುಲೇಟರ್ ಬಿಟ್ಟರೆ ಪ್ರತಿ ವ್ಯಾಟಿಗೆ 50ರಿಂದ 65 ಡಿಗ್ರಿ ಬಿಸಿ ಏರುತ್ತದೆ. 1.6 ವ್ಯಾಟಿಗೆ 80ರಿಂದ 100 ಡಿಗ್ರಿ, ಅದೂ ಬಿಸಿಲಲ್ಲಿ ನಿಂತ ಕಾಕ್‌ಪಿಟ್‌ನ ಬಿಸಿಯ ಮೇಲೆ. ಮುಟ್ಟಿದರೆ ಬೆರಳು ಚುರ್ ಅನ್ನುತ್ತದೆ, ಅನುಭವದ ಮಾತು. ಒಂದು ಚಿಕ್ಕ ಅಲ್ಯೂಮಿನಿಯಂ ಹೀಟ್ ಸಿಂಕ್ ಹಾಕಿದರೆ 14 ವೋಲ್ಟ್ ವಿಮಾನದಲ್ಲಿ ಇದು ನಡೆಯುತ್ತದೆ.

ಸ್ವಿಚಿಂಗ್ ಕನ್ವರ್ಟರ್ ಜಾಣ. ಸುಡುವುದಿಲ್ಲ, ಕತ್ತರಿಸುತ್ತದೆ. 14 ವೋಲ್ಟನ್ನು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್ ಆಫ್ ಮಾಡಿ, ಸುರುಳಿ ಮತ್ತು ಕೆಪಾಸಿಟರ್ ಮೂಲಕ ಹಾಯಿಸಿ, ಸರಾಸರಿ 3 ವೋಲ್ಟ್ ಬರುವ ಹಾಗೆ ಮಾಡುತ್ತದೆ. ಬಿಸಿ ಬಹಳ ಕಮ್ಮಿ. 14ಕ್ಕೂ 28ಕ್ಕೂ ಒಂದೇ ಪೆಟ್ಟಿಗೆ ಸಾಕು. ಎಲ್ಲಾ ಯುಎಸ್‌ಬಿ ಕಾರ್ ಚಾರ್ಜರ್‌ಗಳ ಒಳಗೆ ಇರುವುದು ಇದೇ.

ಹಾಗಾದರೆ ಅದನ್ನೇ ಹಾಕಬಾರದೇ? ಅದು ಕಿರುಚುತ್ತದೆ.

ಎಲ್‌ಎಂ2596 ಸೆಕೆಂಡಿಗೆ ಸುಮಾರು 1,50,000 ಸಲ ಕತ್ತರಿಸುತ್ತದೆ, ಅಂದರೆ 150 ಕಿಲೋಹರ್ಟ್ಸ್. ಚೂಪಾಗಿ ಕತ್ತರಿಸಿದ ಅಲೆಯ ಗುಣವೇನೆಂದರೆ, ಮೂಲದ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಹೀಗೆ ಎಲ್ಲಾ ಕಡೆ ಅದರ ಮರಿಗಳು ಹುಟ್ಟಿಕೊಳ್ಳುತ್ತವೆ. ನಾಲ್ಕನೆಯದು 600 ಕಿಲೋಹರ್ಟ್ಸ್. ಬೆಂಗಳೂರು ಆಕಾಶವಾಣಿ ಇರುವುದು 612ರಲ್ಲಿ. ಕಾರಿನಲ್ಲಿ ಮೀಡಿಯಂ ವೇವ್ ಹಾಕಿಕೊಂಡು ಅಗ್ಗದ ಚಾರ್ಜರ್ ಸಿಕ್ಕಿಸಿ ನೋಡಿ, ಪ್ರದೇಶ ಸಮಾಚಾರದ ಹಿಂದೆ ಜೀರುಂಡೆ ಕೂಗಿದ ಹಾಗೆ ಕೇಳುವ ಸಾಧ್ಯತೆ ಜಾಸ್ತಿ. ಮರಿಗಳು ಅಲ್ಲಿಗೇ ನಿಲ್ಲುವುದಿಲ್ಲ. ಬಲ ಕಮ್ಮಿಯಾಗುತ್ತಾ ನೂರಾರು ಪಟ್ಟು ಮೇಲಿನವರೆಗೂ ಹೋಗುತ್ತವೆ.

ಕಾರಿನಲ್ಲಿ ಜೀರುಂಡೆ ಕೂಗಿದರೆ ರೇಡಿಯೋ ಆಫ್ ಮಾಡುತ್ತೀರಿ. ವಿಮಾನದಲ್ಲಿ? ವಿಮಾನ ಮತ್ತು ನಿಲ್ದಾಣದ ಕಂಟ್ರೋಲ್ ಟವರ್ ಮಾತಾಡುವುದು 118ರಿಂದ 137 ಮೆಗಾಹರ್ಟ್ಸ್ ಒಳಗೆ. ಅದರ ಕೆಳಗೆ 108ರಿಂದ 118ರಲ್ಲಿ ದಾರಿ ತೋರಿಸುವ ವಿಒಆರ್, ರನ್‌ವೇಗೆ ನೇರ ಮಾಡುವ ಲೋಕಲೈಜರ್. ನಮ್ಮ ಎಫ್‌ಎಂ ಕೇಂದ್ರಗಳ ಮಗ್ಗುಲಲ್ಲೇ ಇದ್ದರೂ ವಿಮಾನದ ಮಾತು ಎಫ್‌ಎಂ ಅಲ್ಲ, ಎಎಂ. ಆಕಾಶವಾಣಿಯ ಮೀಡಿಯಂ ವೇವ್‌ನ ಹಾಗೆ, ಅಲೆಯ ಎತ್ತರದಲ್ಲಿ ಮಾತು ಕೂತಿರುತ್ತದೆ. ಗದ್ದಲವೂ ಅಲೆಯ ಎತ್ತರದಲ್ಲೇ ಸೇರಿಕೊಳ್ಳುವುದರಿಂದ ಎಲ್ಲವೂ ಕಿವಿಗೆ ಬೀಳುತ್ತದೆ. ಕೆಲವೊಮ್ಮೆ ಕಿವಿಗೆ ಏನೂ ಬೀಳದೆ ಇನ್ನೂ ಕೆಟ್ಟದ್ದು ಆಗುತ್ತದೆ. ಗದ್ದಲದ ಕೆಳಗೆ ದೂರದ ಟವರಿನ ಕ್ಷೀಣ ದನಿ ಮುಚ್ಚಿಹೋಗುತ್ತದೆ. ಯಾರೂ ಮಾತಾಡುತ್ತಿಲ್ಲ ಅಂತ ಪೈಲಟ್ ಅಂದುಕೊಂಡಿರುತ್ತಾನೆ, ಅಲ್ಲಿ ಅವನನ್ನೇ ಕರೆಯುತ್ತಿರುತ್ತಾರೆ.

ಜಿಪಿಎಸ್ ಸಂಕೇತ ಬರುವುದು 1575.42 ಮೆಗಾಹರ್ಟ್ಸ್‌ನಲ್ಲಿ, ಸುಮಾರು 20,000 ಕಿಲೋಮೀಟರ್ ಮೇಲಿನಿಂದ, ಬಹಳ ನಿಶ್ಶಕ್ತವಾಗಿ. ತಾನು ತಿನ್ನುವ ಕರೆಂಟಿನ ಗದ್ದಲಕ್ಕೆ ತಾನೇ ದಾರಿ ತಪ್ಪುವ ಜಿಪಿಎಸ್ ಅಂದರೆ ತಮಾಷೆಯೇ, ನೆಲದ ಮೇಲಿದ್ದಾಗ.

ಗದ್ದಲ ತಗ್ಗಿಸಲು ಫೆರೈಟ್ ಕೋರ್ ಇವೆ. ಹಳೆಯ ಮಾನಿಟರ್ ಕೇಬಲ್‌ಗಳಲ್ಲಿ ಉಬ್ಬಿದ ಕಪ್ಪು ಗಂಟು ನೋಡಿರುತ್ತೀರಲ್ಲ, ಅದೇ. ವೈರನ್ನು ಅದರೊಳಗೆ ಮೂರು ನಾಲ್ಕು ಸುತ್ತು ಹಾಕಿ ಕನ್ವರ್ಟರಿನ ಹತ್ತಿರವೇ ಇಡಬೇಕು. ಕನ್ವರ್ಟರನ್ನು ಲೋಹದ ಡಬ್ಬಿಯಲ್ಲಿ ಮುಚ್ಚಬೇಕು. ಇದೆಲ್ಲಾ ಮಾಡಿದರೂ ಅಗ್ಗದ ಬೋರ್ಡನ್ನು ಸಂತ ಮಾಡಲು ಆಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ನನ್ನನ್ನು ಕೇಳಿದರೆ, 14 ವೋಲ್ಟ್ ವಿಮಾನ, 200 ಮಿಲಿಆಂಪಿಯರ್ ಒಳಗಿನ ಯಂತ್ರ ಆದರೆ ಲೀನಿಯರ್ ಹಾಕಿ. ಬಿಸಿಯಾದರೂ ಬಾಯಿ ಮುಚ್ಚಿಕೊಂಡಿರುತ್ತದೆ. 28 ವೋಲ್ಟ್ ಆದರೆ ಎರಡು ಮೆಟ್ಟಿಲಲ್ಲಿ ಇಳಿಯುವುದು ವಾಸಿ. ಮೊದಲು ವಿಮಾನಕ್ಕೆಂದೇ ಮಾಡಿದ, ಪರೀಕ್ಷೆ ಪಾಸಾದ ಯುಎಸ್‌ಬಿ ಚಾರ್ಜರ್. ಅಮೆರಿಕದ ಟಿಎಸ್‌ಒ-ಸಿ71 ಅನ್ನುವ ಮಾನದಂಡ ಇಂಥ ಕನ್ವರ್ಟರ್‌ಗಳಿಗೇ ಇದೆ. ಅದು 28ನ್ನು 5ಕ್ಕೆ ಇಳಿಸಲಿ. ಆಮೇಲೆ 5ರಿಂದ 3.3ಕ್ಕೆ ಒಂದು ಪುಟ್ಟ ಲೀನಿಯರ್. ಅದು ಸುಡುವುದು ಕಾಲು ವ್ಯಾಟ್ ಮಾತ್ರ, ಮೊದಲನೆಯದರ ಅಳಿದುಳಿದ ಗದ್ದಲವನ್ನೂ ಸ್ವಲ್ಪ ಸೋಸುತ್ತದೆ. ದುಬಾರಿ, ನಿಜ. ಆದರೆ ಹೊಡೆತ, ಬಿಸಿ, ಗದ್ದಲ ಮೂರರ ತಲೆನೋವೂ ಬೇರೆಯವರದ್ದಾಯಿತು.

ಶೆಲ್ಲು ತೆಗೆಯಬೇಡಿ

ಹೊರಗಿನ ಕರೆಂಟಿಗೆ ತೂತು ಇಲ್ಲದ ಯಂತ್ರಗಳಿಗೆ ಹವ್ಯಾಸಿಗಳು ಡಮ್ಮಿ ಶೆಲ್ಲು ಮಾಡುತ್ತಾರೆ. ಪೆನ್ಸಿಲ್ ಶೆಲ್ಲಿನ ಅಳತೆಗೆ ಮರದ ಕಡ್ಡಿ ಕತ್ತರಿಸಿ, ತುದಿಗೆ ಸ್ಕ್ರೂ ಹಾಕಿ, ಅದಕ್ಕೆ ವೈರ್ ಬೆಸುಗೆ ಹಾಕಿ ಶೆಲ್ಲಿನ ಜಾಗದಲ್ಲಿ ಕೂರಿಸುವುದು. ಕೈಕೆಲಸವಾಗಿ ಚೆನ್ನಾಗಿದೆ. ಯಂತ್ರ ಬಿಚ್ಚಬೇಕಿಲ್ಲ. ಆದರೆ ಶೆಲ್ಲಿನ ಜಾಗ ಹೋಯಿತಲ್ಲ, ದ್ವೀಪವೇ ಮುಳುಗಿದ ಹಾಗೆ. ಆಲ್ಟರ್ನೇಟರ್ ಹೋಗಿ, ಬ್ಯಾಟರಿ ಬರಿದಾಗಿ, ಪ್ಯಾನೆಲ್ ಕತ್ತಲಾದ ಹೊತ್ತಿಗೆ, ಯಾವ ಹೊತ್ತಿಗೆ ಅಂತಲೇ ಆ ಕೈ ಜಿಪಿಎಸ್ ತಂದಿದ್ದಿರೋ ಆ ಹೊತ್ತಿಗೆ, ಅದೂ ಕತ್ತಲಾಗುತ್ತದೆ.

ಅದಕ್ಕೆ ಉಪಾಯ ಎರಡು ಷಾಟ್ಕಿ ಡಯೋಡ್. ಡಯೋಡ್ ಅಂದರೆ ಒಂದೇ ಕಡೆ ತೆರೆಯುವ ಬಾಗಿಲು. ಶೆಲ್ಲಿನಿಂದ ಒಂದು ಬಾಗಿಲು, ರೆಗ್ಯುಲೇಟರಿನಿಂದ ಒಂದು ಬಾಗಿಲು, ಎರಡೂ ತೆರೆಯುವುದು ಯಂತ್ರದ ಕಡೆಗೆ. ಯಾರ ವೋಲ್ಟೇಜ್ ಹೆಚ್ಚೋ ಅವರ ಬಾಗಿಲು ತೆರೆದಿರುತ್ತದೆ. ರೆಗ್ಯುಲೇಟರನ್ನು 3.3ಕ್ಕೆ ಇಟ್ಟರೆ ಅದೇ ಮೇಲುಗೈ, ಯಾಕೆಂದರೆ ಎರಡು ಹೊಸ ಆಲ್ಕಲೈನ್ ಶೆಲ್ಲು ಸೇರಿದರೂ 3.2 ದಾಟುವುದು ಕಷ್ಟ. ವಿಮಾನದ ಕರೆಂಟು ಹೋದರೆ ಕಣ್ಣು ಮಿಟುಕಿಸುವ ಮೊದಲೇ ಶೆಲ್ಲು ಕೆಲಸಕ್ಕೆ ಬರುತ್ತದೆ. ಸ್ಟಾರ್ಟರ್ ಕುಸಿತವೂ ಹೀಗೇ ದಾಟಿಹೋಗುತ್ತದೆ. ಡಯೋಡ್ 0.3 ವೋಲ್ಟ್ ತಿನ್ನುವುದರಿಂದ ಯಂತ್ರಕ್ಕೆ ಸಿಗುವುದು 3 ವೋಲ್ಟ್, ನಮಗೆ ಬೇಕಾದ್ದೂ ಅದೇ. ಹೊಸ 1.5 ವೋಲ್ಟಿನ ಲಿಥಿಯಂ ಶೆಲ್ಲು ಹಾಕುವವರು ಮಾತ್ರ ಗಮನಿಸಿ: ಅವು ಹೊಸದರಲ್ಲಿ ತಲಾ 1.8 ವೋಲ್ಟ್ ತೋರಿಸುತ್ತವೆ. ಅಂದರೆ ಮೊದಮೊದಲು ಖರ್ಚಾಗುವುದು ಶೆಲ್ಲೇ.

ಶೆಲ್ಲಿನ ಕಡೆಯ ಡಯೋಡನ್ನು ಉಳಿತಾಯ ಮಾಡಲು ಹೋಗಬೇಡಿ. ಅದಿಲ್ಲದಿದ್ದರೆ ರೆಗ್ಯುಲೇಟರ್ ಶೆಲ್ಲಿಗೆ ಕರೆಂಟು ತುಂಬಿಸಲು ಹೊರಡುತ್ತದೆ. ಮಾಮೂಲಿ ಆಲ್ಕಲೈನ್ ಶೆಲ್ಲು ಚಾರ್ಜ್ ಮಾಡಲು ಮಾಡಿದ್ದಲ್ಲ. ಒಳಗೆ ಅನಿಲ ತುಂಬಿ ಸೋರುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ.

ನೆಲ ಎಲ್ಲಿದೆ?

ಕಿವಿಗೆ ಹಾಕುವ ಹೆಡ್‌ಸೆಟ್‌ನಂಥ ಯಂತ್ರಗಳಲ್ಲಿ ಇನ್ನೊಂದು ಸಿಕ್ಕು ಬರುತ್ತದೆ. ಗದ್ದಲ ತಗ್ಗಿಸುವ ಹೆಡ್‌ಸೆಟ್ ಶೆಲ್ಲಿನ ಮೇಲೆ ನಡೆಯುತ್ತದೆ, ಅದರ ಮೈಕ್ ಮತ್ತು ಸ್ಪೀಕರ್ ವೈರ್ ಪ್ಯಾನೆಲ್‌ಗೆ ಹೋಗುತ್ತವೆ. ಅಂದರೆ ಆಡಿಯೋ ಕಡೆಯಿಂದ ಅದು ಆಗಲೇ ವಿಮಾನದ ಮೈಗೆ, ಅಂದರೆ ಗ್ರೌಂಡ್‌ಗೆ ಸೇರಿದೆ. ಈಗ ಶೆಲ್ಲಿನ ಬದಲು ವಿಮಾನದ ಕರೆಂಟು ಕೊಟ್ಟರೆ ಇನ್ನೊಂದು ದಾರಿಯಲ್ಲೂ ಗ್ರೌಂಡ್ ಸೇರುತ್ತದೆ. ಎರಡು ದಾರಿಯಲ್ಲಿ ಸೇರಿದ ಗ್ರೌಂಡ್ ಒಂದು ಬಳೆಯಾಗುತ್ತದೆ, ಆ ಬಳೆಯಲ್ಲಿ ಬೇಡದ ಕರೆಂಟು ಸುತ್ತುತ್ತದೆ. ಕಿವಿಯಲ್ಲಿ ಕೇಳುವುದು ಸಣ್ಣ ಕುಂಯ್ ಅನ್ನುವ ರಾಗ. ಎಂಜಿನ್ ವೇಗ ಏರಿಸಲು ಥ್ರಾಟಲ್ ತಳ್ಳಿದರೆ ರಾಗವೂ ಏರುತ್ತದೆ. ಹಾಗೆ ಏರಿದರೆ ಅದು ಆಲ್ಟರ್ನೇಟರಿನ ದನಿ ಅಂತ ಗುರುತು.

ಇನ್ನೂ ಒಂದಿದೆ. ಶೆಲ್ಲಿನ ಮೈನಸ್ ತುದಿಯೇ ಯಂತ್ರದ ಗ್ರೌಂಡ್ ಅಂತ ನಾವು ಅಂದುಕೊಂಡಿರುತ್ತೇವೆ. ಎಲ್ಲಾ ಯಂತ್ರದಲ್ಲೂ ಹಾಗಿಲ್ಲ. ದ್ವೀಪದಲ್ಲಿ ಯಾವ ತುದಿಯನ್ನು ನೆಲ ಅಂದರೂ ನಡೆಯುತ್ತದೆ, ಮಾಡಿದವರು ಹೇಗೆ ಬೇಕಾದರೂ ಮಾಡಿರಬಹುದು. ಸೇತುವೆ ಕಟ್ಟಿದ ಮೇಲೆ ನಡೆಯುವುದಿಲ್ಲ. ಶೆಲ್ಲು ತೆಗೆದು, ಮೈನಸ್ ಪಟ್ಟಿಯಿಂದ ಹೆಡ್‌ಫೋನ್ ಜಾಕ್‌ನ ಹೊರಮೈಗೆ ಮೀಟರಿನ ಬೀಪ್ ಹಿಡಿದು ನೋಡಿ. ಬೀಪ್ ಬರಲಿಲ್ಲವೋ, ನೇರ ವೈರ್ ಕೊಡುವ ಹಾಗಿಲ್ಲ. ಒಳಗೂ ಹೊರಗೂ ತಂತಿಯ ಸಂಬಂಧವೇ ಇಲ್ಲದ 'ಐಸೊಲೇಟೆಡ್' ಡಿಸಿ-ಡಿಸಿ ಕನ್ವರ್ಟರ್ ಬೇಕು. ಸಕ್ಕರೆ ಕ್ಯೂಬಿನಷ್ಟೇ ದೊಡ್ಡದು, ಒಂದು ವ್ಯಾಟಿನವು ಸಿಗುತ್ತವೆ. ಅದು ಕರೆಂಟನ್ನು ಮಾತ್ರ ದೋಣಿಯಲ್ಲಿ ದಾಟಿಸುತ್ತದೆ, ಸೇತುವೆ ಕಟ್ಟುವುದಿಲ್ಲ. ಗ್ರೌಂಡ್ ಬಳೆಗೂ ಅದೇ ಮದ್ದು.

ವೈರು, ಫ್ಯೂಸು, ಸ್ವಿಚ್ಚು

ಫ್ಯೂಸ್ ಇರುವುದು ಯಂತ್ರ ಉಳಿಸಲು ಅಂತ ಬಹಳ ಜನ ತಿಳಿದಿದ್ದಾರೆ. ಅದು ಇರುವುದು ವೈರ್ ಉಳಿಸಲು. ಲೈಟರ್ ಸಾಕೆಟ್‌ನ ಹಿಂದಿನ ಬ್ರೇಕರ್ 10 ಆಂಪಿಯರ್‌ನದ್ದಾಗಿದ್ದು, ನೀವು ಅದಕ್ಕೆ ಕೂದಲಂಥ ವೈರ್ ಸೇರಿಸಿದರೆ, ಶಾರ್ಟ್ ಆದಾಗ ಬ್ರೇಕರ್ ಹಾರುವ ಮೊದಲೇ ವೈರ್ ಕೆಂಡವಾಗುತ್ತದೆ. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ಎಸಿ 43.13-1ಬಿ ಅನ್ನುವ ಕೈಪಿಡಿಯ ಪಟ್ಟಿಯಲ್ಲಿ 22 ಗೇಜ್ ತಾಮ್ರದ ವೈರಿಗೆ 5 ಆಂಪಿಯರ್ ಬ್ರೇಕರ್, ಅದಕ್ಕಿಂತ ದಪ್ಪದ 18 ಗೇಜಿಗೆ 10 ಅಂತ ಇದೆ. ನಮ್ಮ ಅರ್ಧ ವ್ಯಾಟಿಗೆ ಅರ್ಧ ಅಥವಾ ಒಂದು ಆಂಪಿಯರ್ ಫ್ಯೂಸ್ ಧಾರಾಳ. ಅದನ್ನು ಯಂತ್ರದ ಹತ್ತಿರ ಅಲ್ಲ, ಕರೆಂಟು ಹೊರಡುವ ಕಡೆಯಲ್ಲಿ, ಪ್ಲಗ್‌ನ ಒಳಗೇ ಹಾಕಬೇಕು. ಮನೆ ವೈರಿಂಗಿನ ಪಿವಿಸಿ ವೈರ್ ಬೇಡ. ಉರಿದರೆ ಬರುವ ಹೊಗೆ ವಿಷ, ಆ ಪುಟ್ಟ ಗೂಡಿನಲ್ಲಿ ಉಸಿರಾಡಲು ಬೇರೆ ಜಾಗ ಇಲ್ಲ. ವಿಮಾನಕ್ಕೆ ಟೆಫ್‌ಜೆಲ್ ಹೊದಿಕೆಯ ವೈರ್ ಇದೆ. ಎರಡು ವೈರನ್ನೂ ಜಡೆಯ ಹಾಗೆ ಹೆಣೆದು ಎಳೆದರೆ ಒಂದರ ಕಾಂತಕ್ಷೇತ್ರವನ್ನು ಇನ್ನೊಂದು ಅಳಿಸುತ್ತದೆ, ಕಾಂತೀಯ ದಿಕ್ಸೂಚಿ ಹಾದಿ ತಪ್ಪುವುದಿಲ್ಲ.

ಆಮೇಲೆ ಹಾಕಿದ ವೈರ್ ಏನು ಮಾಡಬಲ್ಲದು ಅನ್ನುವುದಕ್ಕೆ ಸಣ್ಣ ವಿಮಾನದ್ದಲ್ಲದ ಒಂದು ಉದಾಹರಣೆ ಇದೆ. 1998ರ ಸೆಪ್ಟೆಂಬರ್ 2ರಂದು ನ್ಯೂಯಾರ್ಕ್‌ನಿಂದ ಜಿನೀವಾಗೆ ಹೊರಟ ಸ್ವಿಸ್‌ಏರ್ 111 ಕೆನಡಾದ ನೋವಾ ಸ್ಕೋಶಿಯಾ ಕರಾವಳಿಯ ಹತ್ತಿರ ಸಮುದ್ರಕ್ಕೆ ಬಿತ್ತು. 229 ಜನ ಸತ್ತರು. ಆ ಎಂಡಿ-11 ವಿಮಾನಕ್ಕೆ ಪ್ರಯಾಣಿಕರ ಮನರಂಜನೆಯ ಸಿಸ್ಟಂ ಅನ್ನು ಆಮೇಲೆ ಜೋಡಿಸಿದ್ದರು. ಅದರ ಒಂದು ವೈರಿನಲ್ಲಿ ಕಿಡಿ ಹಾರಿದ ಗುರುತನ್ನು ಕೆನಡಾದ ತನಿಖಾ ಮಂಡಳಿ ಕಂಡುಕೊಂಡಿತು. ವೈರಿನ ಕಿಡಿಯೇ ಪಕ್ಕದ ಹೊದಿಕೆಗೆ ಬೆಂಕಿ ಹಚ್ಚಿರಬೇಕು ಅನ್ನುವುದು ಮಂಡಳಿಯ ಅಂದಾಜು. ಬ್ರೇಕರ್‌ಗಳು ಇದ್ದವು. ಆದರೆ ಹಾಗೆ ಬಿಟ್ಟು ಬಿಟ್ಟು ಹಾರುವ ಕಿಡಿಗೆ ಆ ಕಾಲದ ಬ್ರೇಕರ್ ಬೀಳುವುದಿಲ್ಲ. ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ತೀರಾ ಹತ್ತಿರದ್ದು. ಹೊಗೆ ಬಂದಾಗ ಕ್ಯಾಬಿನ್‌ನ ಕರೆಂಟು ತೆಗೆಯಲು ಪೈಲಟ್‌ಗಳ ಹತ್ತಿರ ಒಂದು ಸ್ವಿಚ್ ಇತ್ತು. ಮನರಂಜನೆಯ ಸಿಸ್ಟಂ ಅನ್ನು ಆ ಸ್ವಿಚ್ಚಿನ ಕೆಳಗೆ ಸೇರಿಸಿರಲಿಲ್ಲ.

ನೀವು ಹಾಕುವುದು ಅರ್ಧ ವ್ಯಾಟಿನದ್ದೇ ಇರಲಿ, ಮಾಸ್ಟರ್ ಸ್ವಿಚ್ ಆಫ್ ಮಾಡಿದರೆ ಆ ವೈರಿನಲ್ಲಿ ಕರೆಂಟು ಇರಬಾರದು. ಬ್ಯಾಟರಿಯಿಂದ ನೇರ ಎಳೆಯುವುದು ಸುಲಭ ಅನ್ನಿಸಿದರೂ ಎಳೆಯಬಾರದು.

ಕಾನೂನಿನ ಗೆರೆ ಇರುವುದೂ ವೈರಿನ ಹತ್ತಿರವೇ. ಸಾಕೆಟ್‌ಗೆ ಸಿಕ್ಕಿಸಿ ಕಿತ್ತು ತೆಗೆಯುವುದು ಕೈಸಾಮಾನು. ಅದರಿಂದ ವಿಮಾನದ ಉಪಕರಣಕ್ಕೆ ತೊಂದರೆ ಆಗದಂತೆ ನೋಡಿಕೊಳ್ಳುವ ಹೊಣೆ ಹಾರಿಸುವವರದ್ದು. ಅಮೆರಿಕದಲ್ಲಿ 91.21 ಅನ್ನುವ ನಿಯಮ ಇದಕ್ಕೇ ಇದೆ. ಪ್ಯಾನೆಲ್ ಹಿಂದೆ ಕೈ ಹಾಕಿ ಒಂದು ವೈರ್ ಸೇರಿಸಿದರೂ ಅದು ಮಾರ್ಪಾಡು. ನಮ್ಮಲ್ಲಿ ವಿಮಾನಯಾನದ ಮೇಲ್ವಿಚಾರಣೆ ನೋಡುವ ಡಿಜಿಸಿಎ ಒಪ್ಪಿದ ದಾರಿಯಲ್ಲೇ ಆಗಬೇಕು, ಲೈಸೆನ್ಸ್ ಇರುವ ಎಂಜಿನಿಯರ್ ಸಹಿ ಬೀಳಬೇಕು. ಇಲ್ಲಿ ಬರೆದ ರೆಸಿಸ್ಟರ್, ಡಯೋಡ್‌ಗಳ ಮಾತೆಲ್ಲಾ ಪ್ಲಗ್‌ನಿಂದ ಆಚೆಗಿನ ಕೈಸಾಮಾನಿನ ಮಾತು.

ಇಷ್ಟೆಲ್ಲಾ ಮಾಡಬೇಕೇ ಅನ್ನುವ ಪ್ರಶ್ನೆಯನ್ನು ಬೇಕೆಂದೇ ಕೊನೆಗೆ ಇಟ್ಟೆ. ಒಳ್ಳೆಯ ಎರಡು ಆಲ್ಕಲೈನ್ ಶೆಲ್ಲು 150 ಮಿಲಿಆಂಪಿಯರ್‌ನಲ್ಲಿ ಹತ್ತು ಗಂಟೆಯ ಮೇಲೆ ಬರುತ್ತವೆ. 172ರ ಪೆಟ್ರೋಲ್ ಅಷ್ಟು ಹೊತ್ತು ಬರುವುದಿಲ್ಲ. ಹಾರುವ ಮೊದಲು ಹೊಸ ಶೆಲ್ಲು, ಜೇಬಲ್ಲಿ ಇನ್ನೆರಡು, ಮುಗಿಯಿತು. 10,000 ಎಂಎಎಚ್ ಪವರ್ ಬ್ಯಾಂಕ್ ಇದ್ದರೆ ನಮ್ಮ ಜಿಪಿಎಸ್ ಎರಡು ದಿನಕ್ಕೂ ಸಾಕಾಗುವಷ್ಟು ಕರೆಂಟು ಅದರಲ್ಲಿದೆ, ಮೇಲಾಗಿ ಅದೂ ಒಂದು ದ್ವೀಪವೇ. ಅದರದ್ದೂ ತಕರಾರು ಇವೆ. ತೀರಾ ಕಮ್ಮಿ ಕರೆಂಟು ಎಳೆದರೆ ಕೆಲವು ತಾವೇ ಮಲಗಿಬಿಡುತ್ತವೆ. ಒಳಗಿರುವ ಸ್ವಿಚಿಂಗ್ ಕನ್ವರ್ಟರ್ ಇಲ್ಲೂ ಕಿರುಚಬಹುದು. ಬಿಸಿಲಲ್ಲಿ ನಿಲ್ಲಿಸಿದ ವಿಮಾನದಲ್ಲಿ ಬಿಟ್ಟುಬರುವ ವಸ್ತುವಂತೂ ಅಲ್ಲ. ಟ್ಯಾಬ್ಲೆಟ್‌ನಂಥ ಹೊಟ್ಟೆಬಾಕ ಯಂತ್ರಕ್ಕೆ, ದಿನವಿಡೀ ಹಾರುವ ಶಾಲೆಯ ವಿಮಾನಕ್ಕೆ ವೈರ್ ಬೇಕು. ವಾರಕ್ಕೊಮ್ಮೆ ಎರಡು ಗಂಟೆ ಹಾರುವವರ ಎರಡು ಶೆಲ್ಲಿನ ಯಂತ್ರಕ್ಕೆ, ನನ್ನ ಮಟ್ಟಿಗೆ, ಬೇಡ.

ಬೇಕೇ ಬೇಕು ಅಂತ ಹಾಕಿದವರು ಹಾರುವ ಮೊದಲು ನೆಲದ ಮೇಲೆ ಹತ್ತು ನಿಮಿಷ ಕೊಡಿ. ಎಂಜಿನ್ ಓಡುತ್ತಿರಲಿ. ಮಾತಿಲ್ಲದಾಗ ಸೊರಸೊರ ಸದ್ದನ್ನು ಮುಚ್ಚುವ ರೇಡಿಯೋದ ಸ್ಕ್ವೆಲ್ಚ್ ಪೂರ್ತಿ ತೆರೆದು, ದೂರದ ಕ್ಷೀಣ ಕೇಂದ್ರವೊಂದನ್ನು ಹಿಡಿದು, ಪ್ಲಗ್ ಸಿಕ್ಕಿಸಿ, ಕೀಳಿ, ಮತ್ತೆ ಸಿಕ್ಕಿಸಿ. ಸೊರಸೊರ ಸದ್ದಿನಲ್ಲಿ ಏನಾದರೂ ಬದಲಾಗುತ್ತದೆಯೇ ಕೇಳಿ. ಆ ದಿನ ಬಳಸುವ ಎಲ್ಲಾ ಫ್ರೀಕ್ವೆನ್ಸಿಯಲ್ಲೂ ಕೇಳಿ, ಒಂದರಲ್ಲಿ ಇಲ್ಲದ ಮರಿ ಇನ್ನೊಂದರಲ್ಲಿ ಕೂತಿರುತ್ತದೆ. ದಿಕ್ಸೂಚಿ ಅಲುಗುತ್ತದೆಯೇ ನೋಡಿ. ರೆಗ್ಯುಲೇಟರ್ ಮುಟ್ಟಿ ನೋಡಿ. ಆಮೇಲೆ ಎಂಜಿನ್ ನಿಲ್ಲಿಸಿ, ಜಿಪಿಎಸ್ ಕಡೆ ಕಣ್ಣಿಟ್ಟು, ಮಾಸ್ಟರ್ ಆಫ್ ಮಾಡಿ. ಪ್ಯಾನೆಲ್ ಪೂರ್ತಿ ಸತ್ತು, ಆ ಪುಟ್ಟ ಪರದೆ ಒಂದು ಮಿಣುಕೂ ಇಲ್ಲದೆ ಬೆಳಗುತ್ತಿದ್ದರೆ ಹಾರಬಹುದು.